ಎಣ್ಣೆ ಡಬ್ಬಿಯ ಎರಡನೆಯ ತೂತು

ದಾದರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ಕರ್ಜತ್‌ನಲ್ಲಿ ನಿಂತು, ಹಿಂದಿನಿಂದ ತಳ್ಳಲು ಇನ್ನೊಂದಿಷ್ಟು ಎಂಜಿನ್‌ಗಳನ್ನು ಜೋಡಿಸಿಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ವಡಾಪಾವ್ ಕೊಳ್ಳದವರು ಆ ಗಾಡಿಯಲ್ಲಿ ಕಡಿಮೆ. ಮುಂದಿನ 28 ಕಿಲೋಮೀಟರು ಬೋರ್ ಘಾಟ್. ಲೋನಾವಳ ಬರುವಷ್ಟರಲ್ಲಿ ನಾವು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ ಬಂದಿರುತ್ತೇವೆ. ನಡುವೆ ಎಲ್ಲೋ ಒಂದು ಸುರಂಗದಲ್ಲಿ ಕಿವಿ ಕಟ್ಟುತ್ತದೆ. ಎದುರಿಗೆ ಕೂತವರು ಮಾತನಾಡಿದರೆ ಗೋಡೆಯಾಚೆಯಿಂದ ಕೇಳಿದಂತಿರುತ್ತದೆ. ಒಮ್ಮೆ ಎಂಜಲು ನುಂಗಿದರೆ, ಇಲ್ಲವೇ ಆಕಳಿಸಿದರೆ, ‘ಟಪ್’ ಎಂದು ಬಿಟ್ಟುಕೊಳ್ಳುತ್ತದೆ.

ಮುಂಬೈಯಲ್ಲಿದ್ದು ವರ್ಷಕ್ಕೆ ಎರಡು ಸಲ ಊರಿಗೆ ಹೋಗಿಬರುವ ನಾವೆಲ್ಲ ಈ ‘ಟಪ್’ ಅನ್ನು ನೂರಾರು ಸಲ ಕೇಳಿದ್ದೇವೆ. ಆದರೆ ಅದು ಏನೆಂದು ನಾನು ತಿಳಿದುಕೊಂಡದ್ದು, ಡೊಂಬಿವಲಿಯ ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗ ಕರೆದರೆ ತಿರುಗಿ ನೋಡದಂತಾದಾಗ. ಮಗುವಿನ ಕಿವಿಗೆ ‘ಟ್ಯೂಬು’ ಹಾಕಬೇಕು ಎಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಹುಟ್ಟಿದ ಗಾಬರಿ ನೆನಪಿದೆ. ಮೂಗಿಗೆ ಹಾಕುವ ನಳಿಗೆಯ ಹಾಗೆ ಕಿವಿಯಿಂದ ಏನೋ ಜೋತಾಡುತ್ತದೆ ಎಂದುಕೊಂಡಿದ್ದರು ನಮ್ಮ ಅತ್ತೆ. ನಾನೂ ಅದಕ್ಕಿಂತ ಹೆಚ್ಚೇನೂ ತಿಳಿದವಳಾಗಿರಲಿಲ್ಲ.

ಮೊದಲು ಕಿವಿಯ ಕಟ್ಟಡ ನೋಡೋಣ. ಹೊರಗಿನಿಂದ ಒಳಗೆ ಹೋಗುವ ಓಣಿಯ ಕೊನೆಯಲ್ಲಿ ತಮಟೆಯ ಪೊರೆ ಇದೆ. ಅಗಲ ಒಂದು ಸೆಂಟಿಮೀಟರಿನಷ್ಟು, ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅದರ ಆಚೆಗೆ ನಡುಗಿವಿ. ಇದು ಒಂದು ಪುಟ್ಟ ಕೋಣೆ. ಅದರಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಒಂದಕ್ಕೊಂದು ಕೊಂಡಿಯಾಗಿ ನಿಂತಿವೆ. ರಿಕಾಪು ಸುಮಾರು 3 ಮಿಲಿಮೀಟರು, ಇಡೀ ಮೈಯಲ್ಲಿ ಇದಕ್ಕಿಂತ ಚಿಕ್ಕ ಮೂಳೆಯಿಲ್ಲ. ತಮಟೆ ಅದುರಿದರೆ ಮೂಳೆಗಳು ಅದುರುತ್ತವೆ, ಅವು ಒಳಗಿವಿಯ ಚಿಕ್ಕ ಕಿಟಕಿಯನ್ನು ತಳ್ಳುತ್ತವೆ. ಒಳಗಿವಿಯಲ್ಲಿ ಇರುವುದು ದ್ರವ. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ದ್ರವಕ್ಕೆ ಬಡಿದರೆ ಬಹುಪಾಲು ಹಿಂದಕ್ಕೆ ಚಿಮ್ಮಿಬಿಡುತ್ತದೆ. ಆದ್ದರಿಂದಲೇ ದೊಡ್ಡ ತಮಟೆಯ ಮೇಲೆ ಬಿದ್ದ ಒತ್ತಡವನ್ನು ಅದರ ಹದಿನೇಳನೆಯ ಒಂದು ಪಾಲಿನಷ್ಟಿರುವ ಕಿಟಕಿಯ ಮೇಲೆ ಒಟ್ಟುಗೂಡಿಸುವ ಈ ಏರ್ಪಾಡು. ಹರಿತವಾದ ಮೊಳೆ ಗೋಡೆಗೆ ಇಳಿಯುವುದು ಇದೇ ಲೆಕ್ಕದಿಂದ.

ಈ ಏರ್ಪಾಡು ಕೆಲಸ ಮಾಡಬೇಕಾದರೆ ಒಂದು ಷರತ್ತಿದೆ. ತಮಟೆಯ ಎರಡೂ ಬದಿಯಲ್ಲಿ ಗಾಳಿ ಸಮನಾಗಿ ಇರಬೇಕು. ಹೊರಬದಿಯ ಚಿಂತೆಯಿಲ್ಲ, ಅಲ್ಲಿ ಇಡೀ ಆಕಾಶವೇ ಇದೆ. ಒಳಬದಿಗೆ ಗಾಳಿ ಬರುವ ದಾರಿ ಒಂದೇ: ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಇಳಿಯುವ ಒಂದು ಕಿರುನಾಳ. ಹದಿನಾರನೆಯ ಶತಮಾನದಲ್ಲಿ ಇದನ್ನು ವಿವರವಾಗಿ ಬರೆದ ಇಟಲಿಯ ಬಾರ್ತೊಲೊಮಿಯೊ ಯುಸ್ಟಾಕಿಯ ಹೆಸರಿನಿಂದ ಅದನ್ನು ಯುಸ್ಟೇಷಿಯನ್ ನಾಳ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಮುಚ್ಚಿಕೊಂಡೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಒಂದು ಸ್ನಾಯು ಅದನ್ನು ಎಳೆದು ಕ್ಷಣಕಾಲ ತೆರೆಯುತ್ತದೆ. ಘಾಟಿಯಲ್ಲಿ ಕೇಳುವ ‘ಟಪ್’ ಆ ಬಾಗಿಲಿನ ಸದ್ದು.

ಘಾಟಿ ಹತ್ತುವಾಗ ಹೊರಗಿನ ಗಾಳಿಯ ಒತ್ತಡ ಶೇಕಡ 7ರಷ್ಟು ಇಳಿಯುತ್ತದೆ. ಒಳಗಿನ ಗಾಳಿ ಹಿಗ್ಗಿ ತಾನಾಗಿಯೇ ನಾಳವನ್ನು ದೂಡಿಕೊಂಡು ಹೊರಬೀಳುತ್ತದೆ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಹೆಚ್ಚಿ, ಒಳಗೆ ಕಡಿಮೆಯಾಗಿ, ನಾಳದ ತುದಿ ಹೀರಿದ ಹಾಗೆ ಮುಚ್ಚಿಕೊಳ್ಳುತ್ತದೆ. ಸ್ನಾಯು ಬಲವಾಗಿ ಎಳೆದರೆ ಮಾತ್ರ ತೆರೆದೀತು. ವಿಮಾನದಲ್ಲಿ ಕೂಸುಗಳು ಇಳಿಯುವ ಹೊತ್ತಿಗೇ ಹೆಚ್ಚು ಚೀರುವುದು ಇದಕ್ಕೆ. ನನ್ನ ಮಗನೂ ಊರಿನಿಂದ ಮರಳುವಾಗ ಖಂಡಾಳ ದಾಟಿದ ಮೇಲೆ ಕಿವಿ ಹಿಡಿದುಕೊಂಡು ಅತ್ತಿದ್ದ. ನಿದ್ದೆಗೆಟ್ಟು ಅಳುತ್ತಿದ್ದಾನೆ ಎಂದು ನಾವು ಬಿಸ್ಕತ್ತು ಕೊಟ್ಟೆವು. ಜಗಿದು ನುಂಗಿದ್ದರಿಂದ ಸ್ವಲ್ಪ ಸಮಾಧಾನವಾಯಿತು. ಗೊತ್ತಿಲ್ಲದೆಯೇ ಸರಿಯಾದ ಔಷಧ ಕೊಟ್ಟಿದ್ದೆವು.

ಮಕ್ಕಳಿಗೆ ಈ ತೊಂದರೆ ಹೆಚ್ಚು, ಯಾಕೆಂದರೆ ಅವರ ನಾಳ ದೊಡ್ಡವರದರ ಅರ್ಧದಷ್ಟು ಉದ್ದ. ಹಸುಗೂಸಿನಲ್ಲಿ ಸುಮಾರು 18 ಮಿಲಿಮೀಟರು, ನಮ್ಮಲ್ಲಿ 35ರ ಆಸುಪಾಸು. ನಮ್ಮದು 45 ಡಿಗ್ರಿ ಇಳಿಜಾರಾಗಿದ್ದರೆ ಅವರದು ಹತ್ತೇ ಡಿಗ್ರಿ, ಬಹುಮಟ್ಟಿಗೆ ಅಡ್ಡಲಾಗಿ ಮಲಗಿರುತ್ತದೆ. ಇಳಿಜಾರಿಲ್ಲದ ಬಚ್ಚಲಿನಲ್ಲಿ ನೀರು ನಿಲ್ಲುವುದು ಯಾರಿಗೆ ಗೊತ್ತಿಲ್ಲ? ಅದರ ಬಾಯಿಯ ಪಕ್ಕದಲ್ಲೇ ಅಡಿನಾಯ್ಡ್ ಎಂಬ ಮೆದುಗಡ್ಡೆ ಇದೆ. ಮೂರರಿಂದ ಏಳು ವರ್ಷದೊಳಗೆ ಅದು ಊದಿಕೊಂಡು ಆಮೇಲೆ ಕುಗ್ಗುತ್ತದೆ. ಬಾಲವಾಡಿಯಲ್ಲಿ ಒಬ್ಬರಿಂದೊಬ್ಬರಿಗೆ ತಿರುಗುವ ನೆಗಡಿ, ಮನೆಯೊಳಗಿನ ಬೀಡಿ ಸಿಗರೇಟಿನ ಹೊಗೆ, ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸುವ ಅಭ್ಯಾಸ ಇವೆಲ್ಲವೂ ನಾಳವನ್ನು ಕೆಡಿಸುತ್ತವೆ. ಎದೆಹಾಲು ಕುಡಿದ ಮಕ್ಕಳಲ್ಲಿ ತೊಂದರೆ ಕಡಿಮೆ. ಸೀಳಂಗುಳಿರುವ ಮಕ್ಕಳಲ್ಲಿ, ಡೌನ್ ಸಿಂಡ್ರೋಮ್ ಇರುವವರಲ್ಲಿ ಬಹಳ ಹೆಚ್ಚು.

ನಾಳ ತೆರೆಯದಿದ್ದರೆ ಏನಾಗುತ್ತದೆ? ನಡುಗಿವಿಯ ಗೋಡೆ ಅಲ್ಲಿದ್ದ ಗಾಳಿಯನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಹೊಸ ಗಾಳಿ ಬರುವುದಿಲ್ಲ. ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ಆ ಖಾಲಿತನವನ್ನು ತುಂಬಲು ಗೋಡೆಯಿಂದ ನೀರು ಒಸರುತ್ತದೆ. ದಿನ ಕಳೆದಂತೆ ಅದು ಗಟ್ಟಿಯಾಗಿ ಅಂಟಿನ ಹಾಗೆ ಆಗುತ್ತದೆ. ಆಂಗ್ಲರು ಇದನ್ನು ‘ಗ್ಲೂ ಇಯರ್’, ಅಂದರೆ ಅಂಟುಗಿವಿ, ಎಂದು ಕರೆದದ್ದು ಸುಮ್ಮನಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಹೀರಿ ತೆಗೆಯುವಾಗ ಅದು ನಿಜಕ್ಕೂ ಎಳೆಎಳೆಯಾಗಿ ಬರುತ್ತದೆ.

ಇದನ್ನು ಕಿವಿನೋವಿನ ಜೊತೆ ಬೆರೆಸಬಾರದು. ಮಧ್ಯರಾತ್ರಿ ಜ್ವರದಿಂದ ಎದ್ದು ಕಿವಿ ಹಿಡಿದುಕೊಂಡು ಅಳುವುದು ನಡುಗಿವಿಯ ಸೋಂಕು. ಅಲ್ಲಿ ಕೀವು, ನೋವು, ಕೆಂಪು ಎಲ್ಲ ಇರುತ್ತವೆ. ಎರಡು ವರ್ಷ ದಾಟಿದ ಮಗುವಿನಲ್ಲಿ ರೋಗ ಸೌಮ್ಯವಾಗಿದ್ದರೆ ನೋವಿನ ಔಷಧ ಕೊಟ್ಟು ಎರಡು ಮೂರು ದಿನ ಕಾದು ನೋಡುವ ವೈದ್ಯರೂ ಇದ್ದಾರೆ, ಅದು ಉದಾಸೀನವಲ್ಲ. ಕೆಲವೊಮ್ಮೆ ತಮಟೆ ಒಡೆದು ಕೀವು ಹೊರಬರುತ್ತದೆ, ಒಮ್ಮೆಲೇ ನೋವು ನಿಲ್ಲುತ್ತದೆ. ತಾಯಂದಿರು ಹೌಹಾರುತ್ತಾರೆ, ಆದರೆ ಆ ಸೀಳು ಬಹುತೇಕ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಈ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದ ನ್ಯುಮೋಕಾಕಸ್‌ಗೆ ಲಸಿಕೆ ಇದೆ. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ 2017ರಲ್ಲಿ ಕೆಲವು ರಾಜ್ಯಗಳಿಗೆ ಬಂದು, 2021ರಲ್ಲಿ ದೇಶಕ್ಕೆಲ್ಲ ಹರಡಿತು.

ಅಂಟುಗಿವಿಯಲ್ಲಿ ಇದ್ಯಾವುದೂ ಇಲ್ಲ. ಜ್ವರವಿಲ್ಲ, ನೋವು ಇದ್ದರೂ ಅಷ್ಟಕ್ಕಷ್ಟೆ. ಮಗು ಚೆನ್ನಾಗಿಯೇ ಆಡಿಕೊಂಡಿರುತ್ತದೆ. ಕೇಳುವುದು ಮಾತ್ರ 20ರಿಂದ 30 ಡೆಸಿಬೆಲ್, ಕೆಲವೊಮ್ಮೆ 40ರಷ್ಟು ಕುಗ್ಗಿರುತ್ತದೆ. ಪಿಸುಮಾತು ಸುಮಾರು 30 ಡೆಸಿಬೆಲ್, ಎದುರೆದುರು ಕೂತು ಆಡುವ ಮಾತು 60. ಅಂದರೆ ಪಿಸುಮಾತು ಪೂರ್ತಿ ಹೋಯಿತು, ಮಾಮೂಲಿ ಮಾತು ಪಿಸುಮಾತಿನಂತಾಯಿತು. ಅದರ ಮೇಲೆ ಫ್ಯಾನಿನ ಸದ್ದು, ಕಿಟಕಿಯಾಚೆಯ ಲೋಕಲ್ ರೈಲಿನ ಸದ್ದು. ನಮ್ಮ ಮಕ್ಕಳಿಗೆ ಇನ್ನೂ ಒಂದು ಹೊರೆ ಇದೆ. ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಹೋದರೆ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಗೊತ್ತಿರುವ ಭಾಷೆಯಲ್ಲಿ ಅರ್ಧ ಶಬ್ದ ಕೇಳಿದರೂ ಉಳಿದರ್ಧವನ್ನು ಊಹಿಸಬಹುದು, ಕಲಿಯುತ್ತಿರುವ ಭಾಷೆಯಲ್ಲಿ ಊಹೆಗೆ ಬಂಡವಾಳವೇ ಇಲ್ಲ. ಸ, ಫ, ತ, ಕ ಮುಂತಾದ ಸಣ್ಣ ಸದ್ದಿನ ವ್ಯಂಜನಗಳೇ ಮೊದಲು ಮಾಯವಾಗುತ್ತವೆ. ಮಗ ಕನ್ನಡದಲ್ಲಿ ತಕ್ಕಮಟ್ಟಿಗೆ ಉತ್ತರಿಸುತ್ತಿದ್ದ, ಶಾಲೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ‘ಗಮನ ಕೊಡುವುದಿಲ್ಲ’ ಎಂದು ಡೈರಿಯಲ್ಲಿ ಬರೆದು ಕಳಿಸಿದರು. ‘ಜಾಣಕಿವುಡು’ ಎಂದರು ಅತ್ತೆ, ಚಾಕಲೇಟು ಎಂದರೆ ಮಾತ್ರ ಕೇಳುತ್ತದಲ್ಲ ಎಂದು ಸಾಕ್ಷಿಯನ್ನೂ ಕೊಟ್ಟರು. ನಿಜ, ಕೇಳುತ್ತಿತ್ತು. ನೆಗಡಿ ಕಡಿಮೆಯಾದ ದಿನ ಕೇಳುತ್ತಿತ್ತು, ಹೆಚ್ಚಾದ ದಿನ ಇಲ್ಲ. ದಿನಕ್ಕೊಂದು ಬಗೆಯಾಗಿ ಏರಿಳಿಯುವುದೇ ಈ ಕಾಯಿಲೆಯ ಕುತಂತ್ರ, ಅದರಿಂದಲೇ ಮಗು ನಾಟಕ ಮಾಡುತ್ತಿದೆ ಎಂಬ ಅಪವಾದ ಅಂಟಿಕೊಳ್ಳುತ್ತದೆ. ಆ ಶಬ್ದವನ್ನು ನಾನೂ ಎರಡು ಮೂರು ಸಲ ಅವನ ಮೇಲೆ ಪ್ರಯೋಗಿಸಿದ್ದೆ.

ಪತ್ತೆ ಮಾಡುವುದು ಕಷ್ಟವಲ್ಲ. ವೈದ್ಯರು ದೀಪದ ಕೊಳವೆಯಿಂದ ಇಣುಕಿದರೆ ತಮಟೆ ಮಂಕಾಗಿ ಕಾಣುತ್ತದೆ, ಕೆಲವೊಮ್ಮೆ ಹಿಂದೆ ನೀರಿನ ಗೆರೆ, ಗುಳ್ಳೆ ಕಾಣುತ್ತವೆ. ಇನ್ನೊಂದು ಪರೀಕ್ಷೆ ಟಿಂಪನೊಮೆಟ್ರಿ. ಕಿವಿಯಲ್ಲಿ ಮೆತ್ತನೆಯ ಬಿರಡೆಯಿಟ್ಟು ಗಾಳಿಯ ಒತ್ತಡವನ್ನು ಏರಿಳಿಸುತ್ತಾ ತಮಟೆ ಎಷ್ಟು ಅಲುಗುತ್ತದೆ ಎಂದು ಯಂತ್ರ ಗೆರೆ ಎಳೆಯುತ್ತದೆ. ಸರಿಯಿರುವ ಕಿವಿಯಲ್ಲಿ ಗುಡ್ಡ ಮೂಡುತ್ತದೆ. ನೀರು ತುಂಬಿದ ಕಿವಿಯಲ್ಲಿ ಬಯಲು. ಮಗನ ಎರಡೂ ಕಿವಿಗಳದು ಬಿಜಾಪುರದ ಹೊಲದಂತೆ ಸಪಾಟಾಗಿತ್ತು. ಇದರ ಜೊತೆಗೆ ಎಷ್ಟು ಕೇಳುತ್ತದೆ ಎಂಬ ಶ್ರವಣ ಪರೀಕ್ಷೆ ಆಗಲೇಬೇಕು. ಬಾಂದ್ರಾದಲ್ಲಿ 1983ರಿಂದ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ, ಊರಿಗೆ ಹೋದಾಗಲಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆಯನ್ನು ನುರಿತವರು ಮಾಡುತ್ತಾರೆ.

ಪತ್ತೆಯಾದ ಕೂಡಲೇ ಶಸ್ತ್ರಚಿಕಿತ್ಸೆ ಬೇಡ. ಕಾಯಬೇಕು. ಕಿವಿ ಸೋಂಕಿನ ನಂತರ ಉಳಿದ ನೀರು ಮುಕ್ಕಾಲು ಪಾಲಿಗಿಂತ ಹೆಚ್ಚು ಮಕ್ಕಳಲ್ಲಿ 3 ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ಅಮೆರಿಕದ ಕಿವಿ ಮೂಗು ಗಂಟಲು ತಜ್ಞರ ಸಂಘ 2013ರಲ್ಲಿ ಹೊರಡಿಸಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ 3 ತಿಂಗಳಿಗಿಂತ ಕಡಿಮೆ ಅವಧಿಯ ನೀರಿಗೆ ಟ್ಯೂಬು ಹಾಕಬೇಡಿ ಎನ್ನುತ್ತದೆ. ಮೂರು ತಿಂಗಳ ನಂತರವೂ ಎರಡೂ ಕಿವಿಯಲ್ಲಿ ನೀರಿದ್ದು ಕೇಳಿಸುವುದು ಕುಂದಿದ್ದರೆ ಆಗ ಮಾತು. ಪದೇಪದೇ ಸೋಂಕಾಗುವ ಮಕ್ಕಳಲ್ಲಿ, ಅಂದರೆ ಆರು ತಿಂಗಳಲ್ಲಿ ಮೂರು ಸಲ ಅಥವಾ ವರ್ಷದಲ್ಲಿ ನಾಲ್ಕು ಸಲ ಆದವರಲ್ಲಿ, ನೋಡಿದಾಗ ನಡುಗಿವಿಯಲ್ಲಿ ನೀರೂ ಇದ್ದರೆ, ಅದು ಇನ್ನೊಂದು ಕಾರಣ.

ಈ ಕಾಯುವ ಮೂರು ತಿಂಗಳಲ್ಲಿ ಔಷಧದ ಅಂಗಡಿಯ ಬಿಲ್ಲು ಬೆಳೆಯುವುದೇ ಹೆಚ್ಚು. ಆಂಟಿಬಯೋಟಿಕ್, ನೆಗಡಿಯ ಸಿರಪ್, ಅಲರ್ಜಿ ಮಾತ್ರೆ, ಸ್ಟೀರಾಯ್ಡ್ ಇವು ಯಾವುವೂ ಅಂಟುಗಿವಿಯ ನೀರನ್ನು ಇಳಿಸುವುದಿಲ್ಲ ಎಂಬುದು ಈಗ ಇತ್ಯರ್ಥವಾದ ವಿಷಯ. ಸ್ವಲ್ಪ ಉಪಯೋಗ ಕಂಡಿರುವುದು ಮೂಗಿನ ಒಂದು ಹೊಳ್ಳೆಯಿಂದ ಬಲೂನು ಊದುವ ಆಟಕ್ಕೆ. ಬಾಯಿ ಮೂಗು ಮುಚ್ಚಿ ಉಸಿರು ದೂಡಿ ನಾಳ ತೆರೆಯಬಹುದೆಂದು ಬೊಲೋನ್ಯದ ವಲ್ಸಾಲ್ವ 1704ರಲ್ಲೇ ಬರೆದಿದ್ದ, ಬಲೂನು ಅದರ ಮಕ್ಕಳ ಆವೃತ್ತಿ. ನಮ್ಮವನು ಬಲೂನಿನಲ್ಲಿ ಸಿಂಬಳ ತುಂಬಿಸಿ ಅಪ್ಪನಿಗೆ ತೋರಿಸಿದ್ದಷ್ಟೇ ಬಂತು.

ಇನ್ನು ಟ್ಯೂಬಿನ ವಿಷಯ. ಬಹಳ ಮಂದಿ, ಓದಿದವರೂ ಸೇರಿ, ಇದನ್ನು ನೀರು ಹೊರಹೋಗುವ ಚರಂಡಿ ಎಂದು ತಿಳಿದಿದ್ದಾರೆ. ನಾನೂ ಹಾಗೇ ತಿಳಿದು, ಇಷ್ಟು ಸಣ್ಣ ತೂತಿನಿಂದ ಅಷ್ಟು ಗಟ್ಟಿ ಅಂಟು ಹೇಗೆ ಹೊರಬರುತ್ತದೆ ಎಂದು ವೈದ್ಯರನ್ನು ಕೇಳಿದ್ದೆ. ಉತ್ತರ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲಿ. ಹದಿನೈದು ಕಿಲೋ ಎಣ್ಣೆಯ ತಗಡಿನ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗೊಳಕ್ ಗೊಳಕ್ ಎನ್ನುತ್ತಾ ನಿಲ್ಲುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದರೆ ಧಾರೆಯಾಗಿ ಬೀಳುತ್ತದೆ. ಎರಡನೆಯ ತೂತಿನಿಂದ ಎಣ್ಣೆ ಬರುವುದಿಲ್ಲ, ಅದು ಗಾಳಿಗೆ. ಕಿವಿಯ ಟ್ಯೂಬು ಆ ಎರಡನೆಯ ತೂತು. ಮೂಗಿನ ಕಡೆಯ ನಾಳ ತನ್ನ ಕೆಲಸ ಮಾಡದಿರುವಾಗ, ಹೊರಗಿನ ಓಣಿಯಿಂದಲೇ ನಡುಗಿವಿಗೆ ಗಾಳಿ ಕೊಡುತ್ತದೆ. ಒತ್ತಡ ಸಮನಾದ ಮೇಲೆ ಗೋಡೆ ನೀರು ಒಸರುವುದನ್ನು ನಿಲ್ಲಿಸುತ್ತದೆ, ಉಳಿದದ್ದು ತನ್ನ ಹಳೆಯ ದಾರಿಯಲ್ಲೇ ಗಂಟಲಿಗೆ ಇಳಿದುಹೋಗುತ್ತದೆ.

ತಮಟೆಗೆ ತೂತು ಮಾಡುವ ಯೋಚನೆ ಹಳೆಯದು. ಲಂಡನ್ನಿನ ಆಸ್ಟ್ಲಿ ಕೂಪರ್ ಅದನ್ನು ಮಾಡಿ 1801ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಪಡೆದ. ಆದರೆ ತಮಟೆ ಹಟಮಾರಿ, ಕೆಲವೇ ದಿನಗಳಲ್ಲಿ ಕೂಡಿಕೊಂಡುಬಿಡುತ್ತಿತ್ತು. ಮುಂದೆ ವಿಯೆನ್ನಾದ ಆಡಂ ಪೊಲಿಟ್ಜರ್ ಗಟ್ಟಿ ರಬ್ಬರಿನ ಉಂಗುರ ಇಟ್ಟು ನೋಡಿದ, ಅದೂ ನಿಲ್ಲಲಿಲ್ಲ. ಅಮೆರಿಕದ ಶಾರ್ಲಟ್ ಊರಿನ ಬೆವರ್ಲಿ ಆರ್ಮ್‌ಸ್ಟ್ರಾಂಗ್ 1954ರಲ್ಲಿ ಪ್ಲಾಸ್ಟಿಕ್ ಕೊಳವೆಯನ್ನು ವರದಿ ಮಾಡಿದ ಮೇಲೆ ಇದು ಜಗತ್ತಿಗೆಲ್ಲ ಹರಡಿತು. ವೈದ್ಯರು ಇದನ್ನು ‘ಗ್ರಾಮೆಟ್’ ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಮುಂಬೈಯ ಮಾಡುಗಳನ್ನು ಹೊದೆಯುವ ನೀಲಿ ತಾಡಪಾಲಿನ ಅಂಚಿನಲ್ಲಿ ಹಗ್ಗ ಪೋಣಿಸಲು ಲೋಹದ ಉಂಗುರ ಇರುತ್ತದಲ್ಲ, ಅದರ ಹೆಸರೂ ಅದೇ. ತೂತು ಹರಿಯದಂತೆ, ಮುಚ್ಚದಂತೆ ಹಿಡಿಯುವುದು ಎರಡರದೂ ಕೆಲಸ. ಕಿವಿಯದು ಎಷ್ಟು ಚಿಕ್ಕದೆಂದರೆ ಅದರ ನಡುವಿನ ತೂತಿನಲ್ಲಿ ಒಂದು ರಾಗಿ ಕಾಳು ಸಿಕ್ಕಿಹಾಕಿಕೊಂಡೀತು. ಹೊರಗಿನಿಂದ ಏನೂ ಕಾಣುವುದಿಲ್ಲ, ಏನೂ ಜೋತಾಡುವುದಿಲ್ಲ.

ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ತಮಟೆಯ ಕೆಳಭಾಗದಲ್ಲಿ ಸಣ್ಣ ಗೀರು ಹಾಕಿ, ನೀರು ಹೀರಿ, ಟ್ಯೂಬನ್ನು ಗುಂಡಿ ಹಾಕಿದಂತೆ ಸಿಕ್ಕಿಸುತ್ತಾರೆ. ಹೊಲಿಗೆಯಿಲ್ಲ. ಹತ್ತು ಹದಿನೈದು ನಿಮಿಷದ ಕೆಲಸ, ಅದೇ ದಿನ ಮನೆಗೆ. ಅಡಿನಾಯ್ಡ್ ದೊಡ್ಡದಾಗಿದ್ದು ಮೂಗು ಕಟ್ಟುತ್ತಿದ್ದರೆ, ಅಥವಾ ಮಗುವಿಗೆ ನಾಲ್ಕು ವರ್ಷ ದಾಟಿದ್ದರೆ, ಅದನ್ನೂ ಜೊತೆಗೇ ತೆಗೆಯಬಹುದು. ಸಂಜೆ ಮನೆಗೆ ಬಂದ ಮಗ ಕುಕ್ಕರಿನ ಸೀಟಿಗೆ ಬೆಚ್ಚಿಬಿದ್ದು ಕಿವಿ ಮುಚ್ಚಿಕೊಂಡ. ಟಿವಿ ಸದ್ದು ಕಡಿಮೆ ಮಾಡಿ ಎಂದ. ಅತ್ತೆ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು. ‘ಜಾಣಕಿವುಡು’ ಎಂಬ ಶಬ್ದ ಆಮೇಲೆ ನಮ್ಮ ಮನೆಯಲ್ಲಿ ಕೇಳಿಲ್ಲ.

ಟ್ಯೂಬನ್ನು ಸಾಮಾನ್ಯವಾಗಿ ತೆಗೆಯಬೇಕಾಗಿಯೇ ಇಲ್ಲ. ತಮಟೆಯ ಚರ್ಮ ಉಗುರಿನಂತೆ ಮೆಲ್ಲಗೆ ಹೊರಕ್ಕೆ ಬೆಳೆಯುತ್ತಿರುತ್ತದೆ, ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಅದು ಟ್ಯೂಬನ್ನು ತಳ್ಳಿ ಗುಗ್ಗೆಯ ಜೊತೆ ಹೊರಹಾಕುತ್ತದೆ. ಅಷ್ಟರಲ್ಲಿ ಮಗು ಬೆಳೆದು ನಾಳವೂ ಇಳಿಜಾರಾಗಿರುತ್ತದೆ. ಕೆಲವರಲ್ಲಿ ಮತ್ತೆ ನೀರು ತುಂಬಿ ಎರಡನೆಯ ಸಲ ಹಾಕಬೇಕಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಲ್ಲಿ ತೂತು ಮುಚ್ಚದೆ ಉಳಿಯಬಹುದು. ತಮಟೆಯ ಮೇಲೆ ಬಿಳಿ ಕಲೆ ಆಗಬಹುದು, ಅದರಿಂದ ಕೇಳಿಸುವುದಕ್ಕೆ ಬಹುತೇಕ ತೊಂದರೆಯಿಲ್ಲ. ಹೆಚ್ಚು ಕಾಣುವುದು ನೆಗಡಿಯಾದಾಗ ಕಿವಿ ಸೋರುವುದು. ಅದಕ್ಕೆ ಬಾಯಿಯ ಆಂಟಿಬಯೋಟಿಕ್‌ಗಿಂತ ವೈದ್ಯರು ಬರೆದ ಹನಿಮದ್ದು ಮೇಲು, ಟ್ಯೂಬಿನ ಮೂಲಕ ಅದು ನೇರವಾಗಿ ರೋಗದ ಜಾಗಕ್ಕೇ ಇಳಿಯುತ್ತದೆ. ಆದರೆ ಮನೆಯಲ್ಲಿ ಉಳಿದ ಯಾವುದೋ ಹಳೆಯ ಹನಿಮದ್ದನ್ನು ಹಾಕಬೇಡಿ, ಅವುಗಳಲ್ಲಿ ಕೆಲವು ಒಳಗಿವಿಗೆ ವಿಷ.

ನೀರಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮಾಮೂಲಿ ಸ್ನಾನಕ್ಕೆ, ಶುದ್ಧ ಈಜುಕೊಳದಲ್ಲಿ ಮೇಲೆ ಮೇಲೆ ಈಜುವುದಕ್ಕೆ ಬಿರಡೆ ಕಡ್ಡಾಯವಲ್ಲ ಎಂದೇ ಅಮೆರಿಕದ ಆ ಮಾರ್ಗಸೂಚಿ ಹೇಳುತ್ತದೆ. ಮುಳುಗು ಹಾಕುವುದು, ಸೋಪಿನ ನೀರಿನಲ್ಲಿ ತಲೆ ಅದ್ದುವುದು ಬೇಡ. ಜುಹೂ ಕಡಲಿನ ನೀರು ಟ್ಯೂಬು ಇಲ್ಲದ ಕಿವಿಗೂ ಬೇಡ ಎಂಬುದು ನನ್ನ ಸ್ವಂತ ಮಾರ್ಗಸೂಚಿ.

ಆಸ್ಪತ್ರೆಯ ಸಾಲಿನಲ್ಲಿ ಕೂತಾಗ ಉಳಿದ ಕಿವಿಗಳ ಕಥೆಯೂ ಕಿವಿಗೆ ಬಿತ್ತು. ಗುಗ್ಗೆ ಕೊಳೆಯಲ್ಲ, ಕಿವಿಯ ಓಣಿಯನ್ನು ಕಾಯುವ ಎಣ್ಣೆ, ತಾನಾಗಿಯೇ ಹೊರಗೆ ಬರುತ್ತದೆ. ಹತ್ತಿಯ ಕಡ್ಡಿ ಅದನ್ನು ತೆಗೆಯುವುದಕ್ಕಿಂತ ಒಳಕ್ಕೆ ಗಿಡಿಯುವುದೇ ಹೆಚ್ಚು. ಮುಂಬೈಯ ಫುಟ್‌ಪಾತುಗಳಲ್ಲಿ ಕೆಂಪು ರುಮಾಲು ಸುತ್ತಿ, ಕಿವಿಯ ಮೇಲೆ ಸಲಾಕೆ ಸಿಕ್ಕಿಸಿಕೊಂಡು ಓಡಾಡುವ, ಕಿವಿಯ ಗುಗ್ಗೆ ತೆಗೆಯುವವರನ್ನು ನೋಡಿದರೆ ಒಂದು ಕಾಲದ ಚಿತ್ರ ನೋಡಿದಂತೆ ಖುಷಿಯಾಗುತ್ತದೆ, ಆದರೆ ಆ ಸಲಾಕೆಗೂ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ತಮಟೆಗೂ ನಡುವೆ ಇರುವುದು ನಮ್ಮ ಅದೃಷ್ಟ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಬಟ್ಟೆಗಳ ಜೊತೆ ಕಿವಿಯಲ್ಲೂ ಬೂಷ್ಟು ಹಿಡಿಯುತ್ತದೆ. ವಿಪರೀತ ತುರಿಕೆ, ಒಳಗೆ ಒದ್ದೆ ಕಾಗದದಂಥ ಪದರ, ಅದರ ಮೇಲೆ ಕರಿ ಚುಕ್ಕೆ. ಇದನ್ನು ವೈದ್ಯರು ತೆಗೆದು ಸ್ವಚ್ಛ ಮಾಡಿ ಬೂಷ್ಟಿನ ಔಷಧ ಹಾಕಬೇಕು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರೆ ಬೂಷ್ಟಿಗೆ ಹಬ್ಬ, ತಮಟೆ ತೂತಾಗಿದ್ದರಂತೂ ಎಣ್ಣೆ ನಡುಗಿವಿಗೇ ಇಳಿಯುತ್ತದೆ. ಇದನ್ನು ನಮ್ಮ ಅತ್ತೆಗೆ ಒಪ್ಪಿಸಲು ಆರು ತಿಂಗಳು ಬೇಕಾಯಿತು.

ತಿಂಗಳುಗಟ್ಟಲೆ ಸೋರುವ ಕಿವಿ ಬೇರೆಯದೇ ಕಾಯಿಲೆ. ಚಿಕ್ಕಂದಿನಿಂದ ಹೀಗೇ ಎಂದು ಹತ್ತಿ ತುರುಕಿಕೊಂಡು ದಿನ ದೂಡುವವರು ನಮ್ಮಲ್ಲಿ ಬೇಕಾದಷ್ಟು ಜನ. ಅದು ಕೆಟ್ಟ ವಾಸನೆ ಹೊಡೆಯುತ್ತಿದ್ದರೆ ಒಳಗೆ ಚರ್ಮ ತಪ್ಪು ಜಾಗದಲ್ಲಿ ಬೆಳೆದು ಮೂಳೆಯನ್ನೇ ಸವೆಸುತ್ತಿರಬಹುದು. ದೊಡ್ಡವರಿಗೆ ಒಂದೇ ಕಿವಿಯಲ್ಲಿ ನೀರು ತುಂಬಿ ಇಳಿಯದಿದ್ದರೆ ಮೂಗಿನ ಹಿಂಭಾಗವನ್ನು ನೋಡಿಸಲೇಬೇಕು, ನಾಳದ ಬಾಯಿಯನ್ನು ಗೆಡ್ಡೆಯೊಂದು ಒತ್ತುತ್ತಿರುವ ಸಾಧ್ಯತೆ ಇರುತ್ತದೆ. ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ, ಅಥವಾ ಕಿವಿಯ ಹಿಂದಿನ ಮೂಳೆ ಊದಿ ಕೆಂಪಾದರೆ, ಅದು ನಾಳೆಗೆ ಬಿಡುವ ಕೆಲಸವಲ್ಲ.

ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳ ನಂತರ ಊರಿಗೆ ಹೋಗಿದ್ದೆವು. ವಿಮಾನ, ಘಾಟಿ ಏನಾದರೂ ತೊಂದರೆಯಾದೀತೇ ಎಂದು ಮೊದಲೇ ವೈದ್ಯರನ್ನು ಕೇಳಿದ್ದೆ, ಅವರು ನಕ್ಕಿದ್ದರು. ಮರಳುವಾಗ ಬೆಳಗಿನ ಜಾವ ಖಂಡಾಳ ದಾಟಿ ರೈಲು ಇಳಿಯತೊಡಗಿತು. ಅತ್ತೆ ಎಂಜಲು ನುಂಗಿದರು. ನಾನು ಬಾಯಿ ಅಗಲಿಸಿದೆ. ಇವರು ಮೂಗು ಹಿಡಿದು ಕೆನ್ನೆ ಉಬ್ಬಿಸಿದರು. ಎದುರಿನ ಸೀಟಿನವರೂ ದವಡೆ ಆಡಿಸುತ್ತಿದ್ದರು. ಕಿಟಕಿಗೆ ಮೂಗು ಒತ್ತಿ ಸುರಂಗ ಎಣಿಸುತ್ತಿದ್ದ ಮಗ ತಿರುಗಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ.

‘ಅಜ್ಜಿ, ಎಲ್ಲರೂ ಯಾಕೆ ಹಾಗೆ ಮುಖ ಮಾಡುತ್ತಿದ್ದೀರಿ?’ ಎಂದ.

ಅತ್ತೆ ಕಿವಿಯ ಹತ್ತಿರ ಕೈ ಹಿಡಿದು, ‘ಆಂ? ಏನಂದೆ?’ ಎಂದರು.